ಆದಾಮನಿಗೂ ಮೊದಲು ಸತ್ತ ಕೂಸು

ನಮ್ಮ ಮನೆಯಲ್ಲಿ ಭೂಮಿಗೂ ವಯಸ್ಸಿತ್ತು. ಅಪ್ಪನದು, ಅವ್ವನದು, ನನ್ನದು ಗೊತ್ತಿದ್ದ ಹಾಗೆಯೇ ಅದರದ್ದೂ ಗೊತ್ತಿತ್ತು. ಆರು ಸಾವಿರ ವರ್ಷ, ಅದರ ಮೇಲೆ ಒಸಿ. ಬೇರೆ ಮಕ್ಕಳು ಮಗ್ಗಿ ಒಪ್ಪಿಸುವ ಹೊತ್ತಿಗೆ ನಾನು ಆದಾಮನಿಂದ ನೋಹನವರೆಗೆ ಯಾರು ಯಾರನ್ನು ಪಡೆದರು, ಪಡೆದ ಮೇಲೆ ಎಷ್ಟು ವರ್ಷ ಬದುಕಿದರು ಎಂದು ಒಪ್ಪಿಸುತ್ತಿದ್ದೆ. ತಪ್ಪಿದರೆ ಅಪ್ಪ ಹೊಡೆಯುತ್ತಿರಲಿಲ್ಲ. ಮತ್ತೆ ಮೊದಲಿನಿಂದ, ಅಂದರೆ ಲೋಕದ ಮೊದಲಿನಿಂದ, ಶುರು ಮಾಡು ಎನ್ನುತ್ತಿದ್ದರು. ಲೋಕದ ಮೊದಲು ನನಗೆ ಅಷ್ಟು ಹತ್ತಿರವಿತ್ತು. ಒಂದು ಉಸಿರು ಹಿಡಿದು ಓಡಿದರೆ ಮುಟ್ಟಿ ಬರಬಹುದಾದ ದೂರ.

ಅಪ್ಪ ಹೊಂಗನೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಸಣ್ಣ ಸಭೆಯೊಂದರ ಉಪದೇಶಿಯಾಗಿದ್ದರು. ಭಾನುವಾರ ಪ್ರಸಂಗ, ಉಳಿದ ದಿನ ರೇಷ್ಮೆ ಹುಳು. ಮನೆಯಲ್ಲಿ ನಡುಮನೆ ಎಂಬುದು ಹೆಸರಿಗೆ ಮಾತ್ರ ನಮ್ಮದು. ಬೆಳೆ ಇಟ್ಟ ದಿನಗಳಲ್ಲಿ ಅದು ಪೂರಾ ಹುಳುಗಳದ್ದೇ. ಗೋಡೆಯಿಂದ ಗೋಡೆಗೆ ಸ್ಟ್ಯಾಂಡು, ಸ್ಟ್ಯಾಂಡಿನ ತುಂಬ ಬಿದಿರ ತಟ್ಟೆ, ತಟ್ಟೆಯ ತುಂಬ ಹಿಪ್ಪುನೇರಳೆ ಸೊಪ್ಪು ಮೇಯುವ ಹುಳು. ನಾವು ಅಂಚಿನಲ್ಲಿ ಓಡಾಡಬೇಕು, ಕಾಲು ತೊಳೆದು ಒಳಗೆ ಬರಬೇಕು, ಜೋರಾಗಿ ಒಗ್ಗರಣೆ ಹಾಕಬಾರದು. ಊಟ ಅಡುಗೆಮನೆಯಲ್ಲಿ ಒಲೆಯ ಮುಂದೆ, ಒಬ್ಬರ ಮೊಣಕಾಲಿಗೆ ಒಬ್ಬರ ಮೊಣಕಾಲು ತಾಗಿಸಿಕೊಂಡು. ಅಪ್ಪನ ಊಟದ ಪ್ರಾರ್ಥನೆ ಉದ್ದ. ಅದು ಮುಗಿಯುವಷ್ಟರಲ್ಲಿ ಸಾರು ಆರಿರುತ್ತಿತ್ತು. ಹುಳು ಮೇಯುವ ಸದ್ದು ಮಾತ್ರ ಪ್ರಾರ್ಥನೆಗೂ ನಿಲ್ಲುತ್ತಿರಲಿಲ್ಲ. ಆ ಸದ್ದಿನಲ್ಲೇ ನಾನು ಹುಟ್ಟಿ ಬೆಳೆದದ್ದರಿಂದ ಅದು ನನಗೆ ಕೇಳಿಸುತ್ತಲೂ ಇರಲಿಲ್ಲ. ಅದು ನಿಂತಾಗ ಮಾತ್ರ ಕಿವಿ ನಿಮಿರುತ್ತಿತ್ತು.

ನಡುಮನೆಯ ಗೋಡೆಯ ಮೇಲೆ, ಬೀದಿಬಾಗಿಲಿನಿಂದ ಅಡುಗೆಮನೆಯ ಬಾಗಿಲವರೆಗೆ, ಅಪ್ಪ ತಾವೇ ಬಣ್ಣ ಹಾಕಿದ ಉದ್ದನೆಯ ಬಟ್ಟೆಯೊಂದನ್ನು ಕಟ್ಟಿದ್ದರು. ಬೀದಿಬಾಗಿಲ ಮಗ್ಗುಲಲ್ಲಿ ಆದಾಮ. ಅಲ್ಲಿಂದ ಗೆರೆ ಎಳೆದು ನೋಹ, ಜಲಪ್ರಳಯದ ನೀಲಿ, ಅಬ್ರಹಾಮ, ದಾವೀದ, ಯೇಸುವಿನ ಕೆಂಪು ಶಿಲುಬೆ. ಅಡುಗೆಮನೆಯ ಬಾಗಿಲ ಹತ್ತಿರ ನಾವು. ನಮ್ಮ ಆಚೆಗೆ ಒಂದು ಗೇಣು ಹಳದಿ. ಆ ಹಳದಿ ಏನೆಂದು ಕೇಳದವರಿರಲಿಲ್ಲ, ಅಪ್ಪ ಹೇಳದೆ ಬಿಟ್ಟವರೂ ಇರಲಿಲ್ಲ. ದೇವರು ಆರು ದಿನ ದುಡಿದು ಏಳನೆಯ ದಿನ ವಿಶ್ರಮಿಸಿದ. ದೇವರ ಒಂದು ದಿನ ನಮಗೆ ಸಾವಿರ ವರ್ಷ. ಆರು ಸಾವಿರ ಮುಗಿಯಿತು, ಇನ್ನು ಬರುವುದು ಏಳನೆಯ ದಿನ. ಆ ದಿನದ ಬೆಳಿಗ್ಗೆ ಸತ್ತವರು ಏಳುತ್ತಾರೆ. ಅಪ್ಪನ ಪ್ರಕಾರ ನಾವು ಆ ಬೆಳಗಿನ ಕೋಳಿ ಕೂಗುವ ಹೊತ್ತಿನಲ್ಲಿದ್ದೆವು.

ನನ್ನ ತಮ್ಮ ಯೋಸೇಫ ಸತ್ತದ್ದು ನಾನು ಎರಡನೆಯ ಕ್ಲಾಸಿನಲ್ಲಿದ್ದಾಗ. ಅವನಿಗಿನ್ನೂ ಹಲ್ಲು ಬಂದಿರಲಿಲ್ಲ. ಭೇದಿ ಶುರುವಾಯಿತು, ಜ್ವರ ಬಂತು, ಮೊಲೆ ಕುಡಿಯುವುದನ್ನು ಬಿಟ್ಟ. ಅವ್ವ ಅವನ ಬಾಯಿಗೆ ಹಾಲು ಹಿಂಡಿದರೆ ಅದು ಕಟವಾಯಿಯಿಂದ ಇಳಿದುಹೋಗುತ್ತಿತ್ತು. ಚನ್ನಪಟ್ಟಣದ ಆಸ್ಪತ್ರೆಗೆ ಒಯ್ದವರು ಅಲ್ಲಿಂದಲೇ ಸಮಾಧಿ ತೋಟಕ್ಕೆ ಒಯ್ದರು. ಹೆಂಗಸರು ಮಣ್ಣಿಗೆ ಹೋಗುವ ರೂಢಿ ನಮ್ಮಲ್ಲಿರಲಿಲ್ಲ. ಅವ್ವ ಆಸ್ಪತ್ರೆಯಿಂದ ನೇರ ಮನೆಗೆ ಬಂದಳು. ಅಪ್ಪ ಸಂಜೆ ಬಂದು, ಕೈಕಾಲು ತೊಳೆದು, ಅವಳ ಮುಂದೆ ಕುಳಿತು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ.

“ರೂತ, ಅಳಬ್ಯಾಡ. ಆರು ದಿನ ಮುಗ್ದೋಯ್ತು. ಏಳನೇ ದಿನ ಬಾಗ್ಲಲ್ಲೈತೆ. ಯೋಸಿ ಎದ್ದು ಬತ್ತಾನೆ. ನಾವಿಬ್ರೂ ಇರೋವಾಗ್ಲೇ ಬತ್ತಾನೆ, ನೀನೇ ಎತ್ಕತೀಯ.”

ಅವ್ವ ಆ ಮಾತನ್ನು ಹಾಗೆಯೇ ಕೈಚಾಚಿ ತೆಗೆದುಕೊಂಡಳು. ಅತ್ತದ್ದನ್ನು ನಾನು ಕಾಣಲಿಲ್ಲ. ಅಕ್ಕಪಕ್ಕದವರು ಮಾತನಾಡಿಸಲು ಬಂದರೆ ಅವಳೇ ಅವರಿಗೆ ಸಮಾಧಾನ ಹೇಳಿ ಕಳಿಸುತ್ತಿದ್ದಳು. ತೊಟ್ಟಿಲು ತೊಲೆಯಿಂದ ಇಳಿಯಲಿಲ್ಲ. ಒಮ್ಮೆ ಹುಳುವಿಗೆ ಸೊಪ್ಪು ಹಾಕುತ್ತಾ, ಮಾರನೆಯ ದಿನದ ಅಡುಗೆಯ ಮಾತಾಡುವಷ್ಟೇ ಸಲೀಸಾಗಿ, “ಎದ್ದು ಬರೋವಾಗ ಕೂಸಾಗೇ ಇರ್ತಾನಾ, ಇಲ್ಲಾ ಬೆಳ್ದಿರ್ತಾನಾ?” ಎಂದು ಅಪ್ಪನನ್ನು ಕೇಳಿದಳು. ಅಪ್ಪನ ಕೈ ಸೊಪ್ಪಿನ ಮೇಲೆಯೇ ನಿಂತಿತು.

ಮಾರನೆಯ ವರ್ಷ ಅಪ್ಪ ಹುಳುಗಳಿಗೆ ಬೇರೆ ಮನೆ ಕಟ್ಟಬೇಕೆಂದು ಹಿತ್ತಲಲ್ಲಿ ಪಾಯ ತೆಗೆಸಿದರು. ಇಬ್ಬರು ಆಳು ಅಗೆಯುತ್ತಿದ್ದರು. ಮೂಲೆಯಲ್ಲಿ ಮಣ್ಣು ಸಡಿಲವಿದೆ ಎಂದು ಗಟ್ಟಿ ನೆಲ ಸಿಗುವವರೆಗೆ ಆಳಕ್ಕೆ ಇಳಿದರು. ಆಳುದ್ದ ಹೋದ ಮೇಲೆ ಹಾರೆ ಚಪ್ಪಡಿಗೆ ತಾಗಿತು. ಚಪ್ಪಡಿ ಎತ್ತಿದರೆ ಕೆಳಗೆ ಗಟ್ಟಿಯಾದ ಬೂದಿ, ಕಪ್ಪು ಇದ್ದಿಲು, ಸುಟ್ಟು ಕೆಂಪಾದ ಮಣ್ಣು. ಆ ಬೂದಿಯ ಹಾಸಿನ ಮೇಲೆ, ಮಗ್ಗುಲಾಗಿ, ಮೊಣಕಾಲನ್ನು ಹೊಟ್ಟೆಗೆ ಮಡಚಿಕೊಂಡು ಮಲಗಿದ್ದ ಪುಟ್ಟ ಮೂಳೆಗಳು. ತಲೆಬುರುಡೆ ಅಪ್ಪನ ಮುಷ್ಟಿಗಿಂತ ಒಂದಿಷ್ಟು ದೊಡ್ಡದು. ಆಳುಗಳು ಮೇಲೆ ಹತ್ತಿ ಬಂದವರು ಮತ್ತೆ ಇಳಿಯಲಿಲ್ಲ. ಪಕ್ಕದ ಮನೆಯ ನಂಜಮ್ಮ ಬೇಲಿಯ ಹತ್ತಿರ ಬಂದು ನಿಂತಳು. ಗೌಡರ ಪೈಕಿ, ಅವ್ವನಿಗಿಂತ ಹಿರಿಯಳು, ಬಾಯಿ ಜೋರು, ಮನಸ್ಸು ಮೆತ್ತಗೆ.

“ಉಪದೇಶಿಗಳೆ, ಸುಮ್ಕೆ ಮುಚ್ಬುಡಿ. ಒಂದು ಎಡೆ ಇಟ್ಟು ಮುಚ್ಬುಡಿ. ಯಾವ ಕಾಲದ ಜೀವನೋ, ಹಸ್ಕೊಂಡಿರ್ತದೆ.”

“ಸತ್ತೋರ್ಗೆ ಹಸಿವಿಲ್ಲ ನಂಜಮ್ಮ,” ಎಂದರು ಅಪ್ಪ. “ಅವ್ರು ನಿದ್ದೆ ಮಾಡ್ತಾವ್ರೆ ಅಷ್ಟೆ.”

ಅವ್ವ ಬಟ್ಟೆ ಒಗೆಯುವುದನ್ನು ಬಿಟ್ಟು ಒದ್ದೆ ಕೈಯಲ್ಲೇ ಬಂದಳು. ಯಾರಾದರೂ ತಡೆಯುವ ಮೊದಲೇ ಗುಂಡಿಗೆ ಇಳಿದು, ಬೂದಿಯ ಮೇಲೆ ಮಂಡಿಯೂರಿ, ಆ ಪುಟ್ಟ ದವಡೆಯನ್ನು ಬೆರಳ ತುದಿಯಿಂದ ಸವರಿದಳು. ದವಡೆಯೊಳಗೆ, ಮೂಳೆಯ ಗುಳಿಗಳಲ್ಲಿ, ಹೊರಗೆ ಬಾರದ ಹಲ್ಲುಗಳು ಅಕ್ಕಿಕಾಳಿನ ಹಾಗೆ ಕುಳಿತಿದ್ದವು.

“ಇನ್ನೂ ಹಲ್ಲು ಬಂದಿಲ್ಲ ಕಣ್ರೀ,” ಎಂದಳು. “ಹಾಲು ಕುಡಿಯೋ ಕೂಸು.”

ಆ ಭಾನುವಾರ ಸಮುವೇಲ ಚಿಕ್ಕಪ್ಪ ಬಂದ. ಅಪ್ಪನ ಒಬ್ಬನೇ ತಮ್ಮ, ಮೈಸೂರಿನಲ್ಲಿ ಪುರಾತತ್ವ ಓದುತ್ತಿದ್ದ. ಓದಿಸಿದ್ದು ಅಪ್ಪನೇ. ಸತ್ಯವೇದದ ಊರುಗಳು ನೆಲದಿಂದ ಎದ್ದು ಬರುವುದನ್ನು ತನ್ನ ತಮ್ಮನೇ ತೋರಿಸುತ್ತಾನೆಂಬ ಆಸೆ ಅಪ್ಪನಿಗೆ. ಚಿಕ್ಕಪ್ಪ ಸಭೆಯಿಂದ ಬಂದವನು ಬಿಳಿ ಶರ್ಟು ಬಿಚ್ಚಿಟ್ಟು ಗುಂಡಿಗೆ ಇಳಿದ. ಬೂದಿಯಲ್ಲಿ ಉಗುರಿನಷ್ಟು ಸಣ್ಣ ಕಲ್ಲಿನ ಅಲಗುಗಳು ಸಿಕ್ಕವು. ಇದ್ದಿಲನ್ನು ಚಾಕುವಿನ ತುದಿಯಿಂದ ಬಿಡಿಸಿ ಬೆಳ್ಳಿ ಕಾಗದದಲ್ಲಿ ಸುತ್ತಿದ. ನಾನು ಮುಟ್ಟಲು ಹೋದಾಗ ಕೈ ಹಿಡಿದುಕೊಂಡು, “ಬ್ಯಾಡ ಕಣವ್ವ, ನಿನ್ ಕೈದು ಅದಕ್ಕೆ ಅಂಟ್ಕಂಡ್ರೆ ಇವತ್ತಿನದು ಅದ್ರೊಳಕ್ಕೆ ಸೇರ್ಕತದೆ” ಎಂದ. ಮೂಳೆಗಳನ್ನು ಒಂದೊಂದಾಗಿ ಎತ್ತಿ, ಹಳೆಯ ಪೇಪರು ಹಾಸಿದ ಹುಳುತಟ್ಟೆಯಲ್ಲಿ ಮಲಗಿದ್ದಂತೆಯೇ ಜೋಡಿಸಿದ. ತನ್ನ ಮೇಷ್ಟ್ರು ಬಂದು ನೋಡುವವರೆಗೆ ಅವು ಒಣಗಿರಬೇಕು, ಕದಲಬಾರದು ಎಂದ. ಮಳೆಗಾಲ. ಇಡೀ ಮನೆಯಲ್ಲಿ ತೇವ ತಾಗದ ಜಾಗ ಎಂದರೆ ನಡುಮನೆಯ ಸ್ಟ್ಯಾಂಡಿನ ಎಲ್ಲಕ್ಕಿಂತ ಮೇಲಿನ ಅಂತಸ್ತು. ತಟ್ಟೆ ಅಲ್ಲಿಗೆ ಹೋಯಿತು. ಅದರ ಕೆಳಗಿನ ತಟ್ಟೆಗಳಲ್ಲಿ ಹುಳು, ಅವುಗಳ ಪಕ್ಕದ ಚಾಪೆಯಲ್ಲಿ ನಾನು.

ಅವತ್ತು ಊಟಕ್ಕೆ ಕುಳಿತಾಗ ಅಪ್ಪ ಕೇಳಿದರು.

“ಅದೆಂಗ್ಲಾ ಇದ್ದಿಲು ನೋಡಿ ವಯಸ್ಸು ಹೇಳೋದು?”

ಚಿಕ್ಕಪ್ಪ ಮುದ್ದೆ ಮುರಿಯುತ್ತಾ ವಿವರಿಸಿದ.

“ಗಾಳೀಲಿ ಒಂದು ತರದ ಕಾರ್ಬನ್ ಐತೆ ಅಣ್ಣ. ಗಿಡ ಅದನ್ನ ಉಂಡು ಬೆಳೀತದೆ. ಗಿಡ ತಿಂದ ಹಸ, ಹಸಿನ ಹಾಲು ಕುಡ್ದ ನಾವು, ಎಲ್ರೊಳಗೂ ಅದು ಸೇರ್ತದೆ. ಬದ್ಕಿರೋಗಂಟ ಕರಗಿದ್ದು ಕರಗ್ತದೆ, ಉಂಡದ್ದು ತುಂಬ್ತದೆ. ಸತ್ತ ದಿನ ಉಣ್ಣೋದು ನಿಂತೋಯ್ತದೆ. ಆಮೇಲೆ ಒಳಗಿದ್ದದ್ದು ಬರೀ ಕರಗ್ತಾ ಹೋಯ್ತದೆ. ಅರ್ಧ ಆಯ್ತದೆ, ಅರ್ಧದಲ್ಲಿ ಅರ್ಧ ಆಯ್ತದೆ. ಎಷ್ಟು ಉಳ್ದದೆ ಅಂತ ಅಳೆದ್ರೆ, ಊಟ ಬಿಟ್ಟು ಎಷ್ಟು ಕಾಲ ಆಯ್ತು ಅಂತ ಗೊತ್ತಾಯ್ತದೆ.”

“ಗಾಳೀಲಿ ಆವಾಗ್ಲೂ ಇಷ್ಟೇ ಇತ್ತು ಅಂತ ಯಾರು ಕಂಡವ್ರೆ? ಜಲಪ್ರಳಯಕ್ಕೆ ಮುಂಚೆ ಆಕಾಶವೇ ಬ್ಯಾರೆ ಇತ್ತು.”

“ಹಳೆ ಮರಗಳ ಬಳೆ ಎಣ್ಸಿ ತಾಳೆ ನೋಡವ್ರೆ ಅಣ್ಣ. ಹೆಚ್ಚುಕಮ್ಮಿ ಆದ್ದನ್ನ ಸರಿ ಮಾಡ್ಕತಾರೆ.”

ಅಪ್ಪ ನಕ್ಕರು. ಕೋಪದ ನಗೆಯಲ್ಲ, ಗೆಲ್ಲುವವನ ನಗೆ. “ಆಗ್ಲಿ, ಅಳೆಸು. ನೋಹನ ಮರಿಮಕ್ಕಳ ಕಾಲಕ್ಕೆ ಬಂದು ನಿಂತ್ಕತದೆ. ಅವ್ರು ಚದುರಿ ಹೋದಾಗ ಈ ಕಡೆಗೂ ಬಂದವ್ರೆ. ನೋಡ್ತಿರು ನೀನು.” ಅದು ಆರು ಸಾವಿರ ದಾಟೀತೆಂಬ ಊಹೆ ಚಿಕ್ಕಪ್ಪನಿಗೂ ಇರಲಿಲ್ಲ. ಮೂರು ನಾಲ್ಕು ಸಾವಿರ ವರ್ಷ ಇರಬಹುದು ಎಂದ. ಅಣ್ಣತಮ್ಮಂದಿರು ಒಂದೇ ಲೆಕ್ಕಕ್ಕೆ ಬಂದು ಸಂತೋಷದಿಂದ ಇನ್ನೊಂದು ಮುದ್ದೆ ಹಾಕಿಸಿಕೊಂಡರು. ಅವ್ವ ಮಾತ್ರ ಬಡಿಸುವ ಕೈ ನಿಲ್ಲಿಸಿ ಕೇಳಿದಳು.

“ಸತ್ತ ಮ್ಯಾಲೂ ಒಳಗೆ ಕರಗ್ತಾನೇ ಇರ್ತದಾ ಸಮುವೇಲಪ್ಪ? ಹೊಟ್ಟೆಗೇನೂ ಇಲ್ದೆ?”

“ಊಟ ಅಂದ್ರೆ ಆ ತರ ಅಲ್ಲ ಅತ್ತಿಗೆ, ಅರ್ಥ ಆಗ್ಲಿ ಅಂತ ಹೇಳ್ದೆ,” ಎಂದ ಚಿಕ್ಕಪ್ಪ. ಆದರೆ ಆ ಮಾತು ಅವಳೊಳಗೆ ಇಳಿದಾಗಿತ್ತು. ಆ ದಿನ ಅವ್ವನ ತಟ್ಟೆಯ ಮುದ್ದೆ ಹಾಗೆಯೇ ಉಳಿಯಿತು.

ಇದ್ದಿಲು ಮೈಸೂರಿಗೆ, ಅಲ್ಲಿಂದ ಇನ್ನೆಲ್ಲಿಗೋ ಹೋಯಿತು. ಪಾಯದ ಕೆಲಸಕ್ಕೆ ಆಳು ಸಿಗಲಿಲ್ಲ, ಗುಂಡಿಗೆ ಮಳೆನೀರು ತುಂಬಿತು. ನಾವು ಆ ಮೂಳೆಗಳ ಜೊತೆ ಬದುಕತೊಡಗಿದೆವು. ಮೊದಮೊದಲು ನನಗೆ ಮೇಲೆ ನೋಡಲು ಭಯವಾಗುತ್ತಿತ್ತು. ಆಮೇಲೆ ಅದಕ್ಕಿಂತ ಹೆಚ್ಚಿನ ಭಯವೊಂದು ಬಂತು, ಅವ್ವನನ್ನು ನೋಡಿ. ಅವಳು ಊಟಕ್ಕೆ ಕೊನೆಯಲ್ಲಿ ಕೂರುವವಳು. ತನ್ನ ಪಾಲಿನಲ್ಲಿ ಒಂದಷ್ಟು ಎತ್ತಿಡುತ್ತಿದ್ದಳು. ಹಾಲು ಕಾಯಿಸಿದರೆ ಒಂದು ಪುಟ್ಟ ಲೋಟ ನಡುಮನೆಗೆ ಹೋಗುತ್ತಿತ್ತು. ಸೊಪ್ಪು ಹಾಕುವಾಗ ಮೇಲಿನ ತಟ್ಟೆಯ ಕಡೆ ಮುಖ ಎತ್ತಿ ಏನೋ ಗುನುಗುತ್ತಿದ್ದಳು. ಅವಳ ತಾತನ ಕಾಲದಲ್ಲಿ ಕನಕಪುರದ ಕಡೆಯ ಅವಳ ಮನೆಯವರು ಸಭೆಗೆ ಸೇರಿದವರು. ಅದಕ್ಕೆ ಮುಂಚಿನ ಎಡೆ, ಹಿರಿಯರ ಹಬ್ಬ ಯಾವುದನ್ನೂ ಅವಳು ಕಂಡಿರಲಿಲ್ಲ. ಯಾರೂ ಕಲಿಸದೆ ಅವಳ ಕೈಗೆ ಅದು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ.

ಒಂದು ದಿನ ಅಪ್ಪ ಆ ಲೋಟವನ್ನು ಕಂಡರು. ಅವರು ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಉಪದೇಶಿ ಮನೇಲಿ ಎಡೆ ಇಡ್ತೀಯಾ? ಜನಕ್ಕೆ ನಾನೇನು ಹೇಳ್ಲಿ?”

“ನಾನು ಯಾರ್ಗೂ ಕೈ ಮುಗಿದಿಲ್ಲ,” ಎಂದಳು ಅವ್ವ. “ಕೂಸು ಹಸ್ಕೊಂಡೈತೆ ಅಂತ ಮಡಗ್ದೆ. ನಮ್ ಯೋಸಿ ಬರೋಗಂಟ ಅಲ್ಲಿ ಯಾರಾದ್ರೂ ಒಬ್ಳು ತಾಯಿ ಅವನ್ನ ನೋಡ್ಕತಾಳೆ ಅಲ್ವಾ? ಇದನ್ನ ನಾನು ನೋಡ್ಕತೀನಿ.”

ಅಪ್ಪ ಹಾಲನ್ನು ಹಿತ್ತಲಿಗೆ ಚೆಲ್ಲಿದರು. ಆಮೇಲೆ ಮನೆಯಲ್ಲಿ ಮಾತು ಕಡಿಮೆಯಾಯಿತು. ಪ್ರಾರ್ಥನೆ ಮಾತ್ರ ಇನ್ನೂ ಉದ್ದವಾಯಿತು.

ಆ ಬೆಳೆಯ ಹುಳು ನಾಲ್ಕನೆಯ ಜ್ವರಕ್ಕೆ ಹೋದದ್ದು ಆಗಲೇ. ಪೊರೆ ಬಿಡುವ ಮುಂಚೆ ಹುಳುಗಳು ಮೇವು ಬಿಟ್ಟು, ತಲೆ ಎತ್ತಿ, ಕಲ್ಲಿನ ಹಾಗೆ ನಿಂತುಬಿಡುತ್ತವೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಒಂದು ಹಗಲು ಇಡೀ ಮನೆಯ ಸದ್ದು ಆರಿಹೋಗುತ್ತದೆ. ಅಪ್ಪ ಚನ್ನಪಟ್ಟಣಕ್ಕೆ ಹೋಗಿದ್ದರು. ಮಧ್ಯಾಹ್ನದ ಬಿಸಿಲು ಹೆಂಚಿನ ಸಂದಿಯಿಂದ ನೆಲಕ್ಕೆ ಬಿದ್ದಿತ್ತು. ಅವ್ವ, ನಾನು ಅಡುಗೆಮನೆಯ ಹೊಸ್ತಿಲ ಬಳಿ ಅವರೆಕಾಯಿ ಸುಲಿಯುತ್ತಿದ್ದೆವು. ಆಗ ಅದು ಕೇಳಿಸಿತು. ನಡುಮನೆಯಿಂದ, ಮೇಲಿನಿಂದ. ಹುಳು ಸೊಪ್ಪು ಹರಿಯುವ ಚರಚರ ಸದ್ದಲ್ಲ. ಒದ್ದೆಯಾದ ಸದ್ದು. ಎರಡು ಮೂರು ಸಲ ಚೀಪಿ, ಉಸಿರು ತೆಗೆದುಕೊಳ್ಳಲು ನಿಂತು, ಮತ್ತೆ ಚೀಪುವ ಸದ್ದು. ಯೋಸಿ ಹುಟ್ಟಿದ ಮೇಲೆ ಆ ಸದ್ದನ್ನು ನಾನು ದಿನವೂ ಕೇಳಿದ್ದೆ. ಅವ್ವನ ಕೈಯಿಂದ ಕಾಯಿ ಜಾರಿತು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ನನಗೂ ಕೇಳಿಸಿತು ಎಂಬುದು ಅವಳಿಗೆ ಗೊತ್ತಾಯಿತು.

ಅವ್ವ ಎದ್ದು ಹೋಗಿ, ಮಣೆ ಹತ್ತಿ, ಮೇಲಿನ ತಟ್ಟೆಯ ಪೇಪರು ಸರಿಸಿದಳು. ಸದ್ದು ನಿಂತಿತು. ಬಹಳ ಹೊತ್ತು ಅವಳು ಅಲ್ಲಿಯೇ ಇದ್ದಳು. ಏನಿತ್ತು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಇಳಿದು ನನ್ನ ಕಡೆ ತಿರುಗಿದಾಗ ಅವಳ ರವಿಕೆಯ ಮುಂಭಾಗ ಒದ್ದೆಯಾಗಿತ್ತು. ಯೋಸಿ ಹೋಗಿ ವರ್ಷದ ಮೇಲಾಗಿತ್ತು. ಅವಳು ಸೆರಗು ಎಳೆದುಕೊಂಡು ಹಿತ್ತಲಿಗೆ ನಡೆದಳು. ಇವತ್ತು ನಾನು ಕನಕಪುರದಲ್ಲಿ ನರ್ಸು. ಹೆರಿಗೆ ವಾರ್ಡಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ. ಕೂಸು ಹೋದ ಎಷ್ಟೋ ಕಾಲದ ಮೇಲೂ ಎದೆ ತೊಟ್ಟಿಕ್ಕಬಹುದು ಎಂದು ನನಗೆ ಗೊತ್ತಿದೆ. ಆ ಸದ್ದಿಗೂ ಇಲಿಯೋ, ಹೆಂಚಿನ ಮೇಲಿನ ಓತಿಕ್ಯಾತವೋ, ಏನೋ ಒಂದು ಕಾರಣ ಕೊಟ್ಟುಕೊಂಡಿದ್ದೇನೆ. ಆದರೂ ವಾರ್ಡಿನಲ್ಲಿ ಎಲ್ಲ ಮಕ್ಕಳೂ ಒಟ್ಟಿಗೆ ಮಲಗಿ ನಿಶ್ಶಬ್ದವಾದ ಗಳಿಗೆಯಲ್ಲಿ ನಾನು ಎದ್ದು ಏನಾದರೊಂದು ಪಾತ್ರೆ ಸದ್ದು ಮಾಡುತ್ತೇನೆ.

ಚಿಕ್ಕಪ್ಪ ಮತ್ತೆ ಬಂದಾಗ ರೇಷ್ಮೆಗೂಡು ಬಿಡಿಸಿ ಆಗಿತ್ತು, ನಡುಮನೆ ಖಾಲಿಯಿತ್ತು. ಬಂದವನು ನೀರು ಕುಡಿದ, ನನ್ನ ಪಾಠ ಕೇಳಿದ, ಮಳೆಯ ಮಾತಾಡಿದ. ಅಪ್ಪನೇ ಎತ್ತಿದರು.

“ಏನಂತ್ಲಾ ನಿನ್ ಇದ್ದಿಲು? ನೋಹನ ಕಾಲಕ್ಕೆ ಬಂತಾ?”

“ಇಲ್ಲ ಅಣ್ಣ.”

“ಮತ್ತೆ? ದಾವೀದನ ಕಾಲನಾ?”

“ಹಿಂದಕ್ಕೆ ಹೋಯ್ತು ಅಣ್ಣ. ಭಾಳ ಹಿಂದಕ್ಕೆ.” ಚಿಕ್ಕಪ್ಪ ನೆಲ ನೋಡುತ್ತಾ ಹೇಳಿದ. “ಹತ್ತು ಸಾವಿರದ ಮೇಲೆ ಬಂತು. ಮೇಷ್ಟ್ರು ನಂಬ್ಲಿಲ್ಲ, ನಾನೂ ನಂಬ್ಲಿಲ್ಲ. ಇನ್ನೊಂದು ಚೂರು ಕಳ್ಸಿ ಮತ್ತೆ ಅಳೆಸಿದ್ವು. ಹಂಗೇ ಬಂತು.”

ಅಪ್ಪ ಗೋಡೆಯ ಬಟ್ಟೆಯನ್ನು ನೋಡಿದರು. ನಾನೂ ನೋಡಿದೆ. ನನ್ನ ಬುದ್ಧಿಗೂ ಆ ಲೆಕ್ಕ ಹೊಳೆಯಿತು. ಆ ಕೂಸನ್ನು ಬಟ್ಟೆಯ ಮೇಲೆ ಬರೆಯಲು ಎಲ್ಲಿಯೂ ಜಾಗವಿಲ್ಲ. ಆದಾಮನನ್ನು ದಾಟಿ, ಬೀದಿಬಾಗಿಲನ್ನು ದಾಟಿ, ಎದುರು ಮನೆಯ ಕೊಟ್ಟಿಗೆಯ ಹತ್ತಿರ ಎಲ್ಲೋ ಬರೆಯಬೇಕು. ಅಪ್ಪನ ದೇವರು ಬೆಳಕಾಗಲಿ ಎಂದು ಹೇಳುವುದಕ್ಕೂ ಎಷ್ಟೋ ಮುಂಚೆ ನಮ್ಮ ಹಿತ್ತಲಲ್ಲಿ ಯಾರೋ ಒಲೆ ಹೊತ್ತಿಸಿದ್ದರು. ಆ ಬೆಚ್ಚನೆಯ ಬೂದಿಯ ಮೇಲೆ ತಮ್ಮ ಕೂಸನ್ನು ಮಲಗಿಸಿದ್ದರು.

“ತಪ್ಪಿರಬೈದಲ್ವಾ?” ಎಂದರು ಅಪ್ಪ. ಆ ದನಿ ನನಗೆ ಹೊಸದು.

“ಇರಬೈದು. ನಾನು ಸುಳ್ಳು ಹೇಳಲ್ಲ, ಇರಬೈದು. ಆದ್ರೆ ನಂಗೆ ಹಂಗನ್ಸಲ್ಲ.” ಚಿಕ್ಕಪ್ಪ ಅಣ್ಣನ ಹತ್ತಿರಕ್ಕೆ ಸರಿದ. “ಅಣ್ಣ, ನಾನೂ ನಂಬೋನೇ. ಲೋಕ ಹಳೇದು ಅಂದ್ರೆ ದೇವ್ರಿಲ್ಲ ಅಂತಲ್ಲ. ಆ ದಿನಗಳು ನಮ್ ತರದ ದಿನ ಅಲ್ಲ, ಭಾಳ ಉದ್ದ ಅಂತ ಹೇಳೋ ಬೋಧಕರು ಎಷ್ಟೋ ಜನ ಅವ್ರೆ. ಅವ್ರೂ ಪ್ರಾರ್ಥನೆ ಮಾಡ್ತಾರೆ, ಅವ್ರೂ ರೊಟ್ಟಿ ಮುರೀತಾರೆ.”

“ನಂಗೊತ್ತು ಕಣ್ಲಾ,” ಎಂದರು ಅಪ್ಪ. “ಮೊದಲನೇ ದಿನ ಅಷ್ಟು ಉದ್ದ ಆದ್ರೆ, ಏಳನೇ ದಿನ ಯಾವಾಗ ಬತ್ತದೆ?”

ಹಾಗೆ ಕೇಳಿದ ಮೇಲೆ ಅವರಿಗೆ ತಾವು ಏನು ಕೇಳಿದೆವೆಂದು ತಿಳಿಯಿತು. ಅಡುಗೆಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು. ಅವಳಿಗೆ ಆದಾಮನ ಲೆಕ್ಕ ಬೇಕಿರಲಿಲ್ಲ, ಇದ್ದಿಲಿನ ಲೆಕ್ಕವೂ ಬೇಕಿರಲಿಲ್ಲ. ಆ ಎರಡರ ನಡುವೆ ಏನು ಬಿದ್ದುಹೋಯಿತು ಎಂಬುದು ಅವಳಿಗೆ ನಮ್ಮೆಲ್ಲರಿಗಿಂತ ಮುಂಚೆ ಗೊತ್ತಾಯಿತು.

“ಹಂಗಾದ್ರೆ ನಮ್ ಯೋಸಿ?” ಎಂದಳು. “ಇನ್ನೂ ಎಷ್ಟು ಕಾಲ?”

ಅವಳು ಒಳಗೆ ಹೋಗಿ ಒಲೆಯ ಮುಂದೆ ಕುಳಿತಳು. ಸೌದೆ ಉರಿದು ಕೆಂಡವಾಗಿ, ಕೆಂಡ ಬೂದಿಯಾದರೂ ಪಾತ್ರೆ ಇಡಲಿಲ್ಲ. ಅಂದು ಅಡುಗೆ ಮಾಡಿದ್ದು ಅಪ್ಪ. ಸುಟ್ಟ ವಾಸನೆಯ ಅನ್ನ. ನಾವು ಅದನ್ನೇ ಉಂಡೆವು.

ಮಾರನೆಯ ಬೆಳಿಗ್ಗೆ ಚಿಕ್ಕಪ್ಪ ಹೊರಡುವ ಮುಂಚೆ ಇನ್ನೊಂದು ಮಾತು ತೆಗೆದ. ಆ ವಾರವೇ ಮೇಷ್ಟ್ರು ಗಾಡಿ ತರುತ್ತಾರೆ, ಮೂಳೆಗಳನ್ನು ಮೈಸೂರಿಗೆ ಒಯ್ಯುತ್ತಾರೆ. ಇಷ್ಟು ಹಳೆಯ ಕೂಸು ಈ ಕಡೆ ಎಲ್ಲೂ ಸಿಕ್ಕಿದ್ದನ್ನು ತಾವು ಕೇಳಿಲ್ಲ ಎಂದು ಅವರು ಹೇಳಿದ್ದಾರೆ. ತನ್ನ ಓದಿಗೆ, ಮುಂದಿನ ಕೆಲಸಕ್ಕೆ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

“ಎಲ್ಲಿಗೂ ಕೊಡಕಿಲ್ಲ,” ಎಂದಳು ಅವ್ವ. “ಡಬ್ಬೀಲಿ ಮಡಗಿ ನಂಬರ್ ಹಾಕ್ತಾರೆ. ಇದರವ್ವ ಇದನ್ನ ಮಣ್ಣಿಗೆ ಕೊಟ್ಟವ್ಳೆ, ಮೈಸೂರ್ಗಲ್ಲ.”

“ಅತ್ತಿಗೆ, ಹಂಗೆಲ್ಲ ಮನೇಲಿ ಇಟ್ಕೊಳಂಗಿಲ್ಲ...”

“ಇಟ್ಕೊಳಲ್ಲ. ಮಣ್ಣು ಮಾಡ್ತೀನಿ. ನನ್ ಕೂಸಿನ ಮಣ್ಣಿಗೆ ನನ್ನ ಕರ್ಕೊಂಡೋಗ್ಲಿಲ್ಲ. ಈ ಕೂಸಿನ ಮಣ್ಣಿಗೆ ಇರ್ತೀನಿ.”

ಚಿಕ್ಕಪ್ಪ ಅಣ್ಣನ ಕಡೆ ನೋಡಿದ. ಮೊದಲಾಗಿದ್ದರೆ ಅಪ್ಪ ಒಂದೇ ಮಾತಿನಲ್ಲಿ ತೀರ್ಮಾನ ಹೇಳುತ್ತಿದ್ದರು. ಈಗ ಸುಮ್ಮನೆ ಎದ್ದು ಮೂಲೆಯ ಗುದ್ದಲಿ ತೆಗೆದುಕೊಂಡರು. ಚಿಕ್ಕಪ್ಪ ಬಾಗಿಲಿಂದ ಹಿಂತಿರುಗಿ ಬಂದ. ಕೈಯಲ್ಲಿದ್ದ ಬ್ಯಾಗು ಕೆಳಗಿಟ್ಟ. “ಕೊಡಿಲ್ಲಿ ಅಣ್ಣ, ನಾನು ಅಗೀತೀನಿ. ಮೇಷ್ಟ್ರಿಗೆ ನಾನೇ ಹೇಳ್ಕತೀನಿ,” ಎಂದ. ಮೇಷ್ಟ್ರು ಆ ಮಾತನ್ನು ಕ್ಷಮಿಸಲಿಲ್ಲ. ಚಿಕ್ಕಪ್ಪನ ಓದು ಅಲ್ಲಿಗೇ ನಿಂತಿತು. ಮುಂದೆ ಮಾಗಡಿಯಲ್ಲಿ ಶಾಲೆ ಮೇಷ್ಟ್ರಾಗಿ ಬದುಕು ಕಳೆದ. ಅದರ ಬಗ್ಗೆ ಒಂದು ದಿನವೂ ಅಣ್ಣನ ಮುಂದೆ ಎತ್ತಿ ಆಡಲಿಲ್ಲ. ಅಪ್ಪ ಉಪದೇಶಿಯಾಗಿಯೇ ಉಳಿದರು, ಆದರೆ ವರ್ಷಗಳನ್ನು ಕೂಡುವುದನ್ನು ಬಿಟ್ಟುಬಿಟ್ಟರು. ಸಭೆಯಲ್ಲಿ ಯಾರಾದರೂ ಕೊನೆಯ ದಿನ ಯಾವಾಗ ಎಂದು ಕೇಳಿದರೆ ಮುಂದಿನ ಹಾಡು ಎತ್ತುತ್ತಿದ್ದರು. ನನಗೂ ಅದೇ ಅಂಟಿಕೊಂಡಿದೆ. ವಾರ್ಡಿನಲ್ಲಿ ಕೂಸು ಕಳೆದುಕೊಂಡ ತಾಯಿ, ಈ ನೋವು ಯಾವಾಗ ಹೋಗುತ್ತದೆ ಎಂದು ಕೇಳಿದರೆ ನಾನು ಅವಳಿಗೆ ದಿನ ಹೇಳುವುದಿಲ್ಲ. ಪಕ್ಕದಲ್ಲಿ ಕೂರುತ್ತೇನೆ.

ಬಿಸಿಲು ಏರುವ ಹೊತ್ತಿಗೆ ಗುಂಡಿ ಆಯಿತು. ಮಳೆಗೆ ಕುಸಿದಿದ್ದ ಮಣ್ಣು ತೆಗೆದು, ಹಳೆಯ ಜಾಗದಲ್ಲೇ, ಆ ಬೂದಿಯ ಮೇಲೆಯೇ. ಅವ್ವ ಮೂಳೆಗಳನ್ನು ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿ, ಎದೆಗೊತ್ತಿಕೊಂಡು ತಂದಳು. ನಂಜಮ್ಮ ಬೇಲಿ ದಾಟಿ ಬಂದು ನನ್ನ ಪಕ್ಕ ನಿಂತಳು. ಅಪ್ಪ ಮಕ್ಕಳ ಮಣ್ಣಿಗೆ ಓದುವ ಪ್ರಾರ್ಥನೆಯ ಪುಟ ತೆಗೆದರು. ಪುಸ್ತಕ ಮುಚ್ಚಿ ಚಿಕ್ಕಪ್ಪನ ಕೈಗೆ ಕೊಟ್ಟರು.

“ಕರ್ತನೆ, ಇದು ಯಾರ ಕೂಸು ಅಂತ ನಿಂಗೊತ್ತು,” ಎಂದರು. “ನಮಗೆ ಗೊತ್ತಿಲ್ಲ.”

ಅವರ ಎಲ್ಲ ಪ್ರಾರ್ಥನೆಗಳಲ್ಲಿ ಅದೊಂದೇ ಅಷ್ಟು ಚಿಕ್ಕದು.

“ಇದು ಎದ್ದು ಬತ್ತದಾ?” ಅವ್ವ ಕೇಳಿದಳು.

“ಗೊತ್ತಿಲ್ಲ ಕಣಮ್ಮಿ.”

“ಯೋಸಿ?”

ಅಪ್ಪ ಅವಳ ಕಡೆ ತಿರುಗಿದರು. “ಬತ್ತಾನೆ ಅಂತ ನಂಬ್ಕಂಡಿವ್ನಿ. ಯಾವಾಗ ಅಂತ ಗೊತ್ತಿಲ್ಲ. ನಾವಿರೋವಾಗ್ಲೇ ಅಂತ ಅವತ್ತು ನಾನು ಹೇಳ್ಬಾರ್ದಾಗಿತ್ತು.”

ಅವ್ವ ತಲೆಯಾಡಿಸಿದಳು. ಗಂಟನ್ನು ಬೂದಿಯ ಮೇಲೆ ಮಲಗಿಸಿ, ಬಗ್ಗಿ ಎರಡೂ ಕೈಯಲ್ಲಿ ಮಣ್ಣು ಬಾಚಿ ಹಾಕಿದಳು. ಗುದ್ದಲಿ ಮುಟ್ಟಲು ಯಾರಿಗೂ ಬಿಡಲಿಲ್ಲ. ನಂಜಮ್ಮ ಒಂದು ಹಿಡಿ ಹಾಕಿದಳು, ನಾನು ಒಂದು ಹಿಡಿ ಹಾಕಿದೆ. ಉಳಿದದ್ದೆಲ್ಲ ಅವ್ವನೇ. ಗುಂಡಿ ತುಂಬಿದ ಮೇಲೆ ಅಪ್ಪ, ಚಿಕ್ಕಪ್ಪ ಒಳಗೆ ಹೋದರು. ಅವ್ವ ಅಲ್ಲಿಯೇ ಹಸಿ ಮಣ್ಣಿನ ಪಕ್ಕ ಕುಳಿತಳು. ನಾನು ಅವಳಿಗೆ ಒರಗಿ ಕುಳಿತೆ. ಅವಳ ಮೈ ನಡುಗತೊಡಗಿತು. ಅವಳು ಅಳುವುದು ಹೇಗಿರುತ್ತದೆ ಎಂದು ನನಗೆ ಗೊತ್ತಿಲ್ಲದ್ದರಿಂದ ಮೊದಲು ಜ್ವರ ಬಂತೆಂದುಕೊಂಡೆ. ಅತ್ತು ಅತ್ತು ಸಾಕಾದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ತಲೆಯ ಮೇಲೆ ಕೈಯಿಟ್ಟು, ಆಸ್ಪತ್ರೆಗೆ ಹೊರಟ ಆ ಬೆಳಿಗ್ಗೆಯ ಕತೆಯನ್ನು ಮೊದಲ ಸಲ ಹೇಳತೊಡಗಿದಳು.

“ಬಸ್ಸಲ್ಲಿ ಕಿಟಕಿ ಪಕ್ಕ ಕೂತಿದ್ದೆ ಕಣವ್ವ. ಬಿಸ್ಲು ಮೊಕಕ್ಕೆ ಬಿತ್ತು ಅಂತ ಸೆರಗು ಅಡ್ಡ ಹಿಡ್ದೆ. ಕಣ್ಣು ಬುಟ್ಟು ನನ್ನ ನೋಡ್ದ. ಒಸಿ ನಕ್ಕ. ಹುಸಾರಾಗ್ಬುಟ್ಟ ಅಂದ್ಕೊಂಡೆ ನಾನು.”